ನಾನೂರಾ ಹತ್ತಕ್ಕೆ ಕತ್ತಲಾಗುತ್ತದೆ

ಜಮಖಂಡಿಯ ಇತಿಹಾಸ ಬರೆದವರು ಯಾರೂ ಗಮನಿಸದೆ ಬಿಟ್ಟ ಒಂದು ಸತ್ತಾಂತರವನ್ನು ಇಲ್ಲಿ ದಾಖಲಿಸಬೇಕಾಗಿದೆ. ಸಂಸ್ಥಾನ ವಿಲೀನವಾದದ್ದು ಎಲ್ಲರಿಗೂ ಗೊತ್ತು, ಅದಕ್ಕೆ ಕಾಗದಪತ್ರಗಳಿವೆ. ಆದರೆ ಎರಡು ಸಾವಿರದ ಹನ್ನೆರಡನೆಯ ಇಸವಿಯ ಕಾರ್ತಿಕ ಮಾಸದಲ್ಲಿ, ಒಂದು ಗುರುವಾರ, ಸಂಜೆ ಆರು ಗಂಟೆ ಒಂಬತ್ತು ನಿಮಿಷಕ್ಕೆ, ಹಳೇ ಪೇಟೆಯ ಒಂದು ವಾಡೆಯ ಅಂಗಳದಲ್ಲಿ ತೂಗುವ ಅರವತ್ತು ಕ್ಯಾಂಡಲ್ ಬಲ್ಬನ್ನು ಹಚ್ಚುವ ಅಧಿಕಾರವು ಕೃಷ್ಣಾಬಾಯಿಯವರ ಬಲಗೈಯಿಂದ ತೊಗರಿಬೇಳೆಯಷ್ಟು ದೊಡ್ಡದಾದ ಒಂದು ಸೆನ್ಸರಿಗೆ ಹಸ್ತಾಂತರವಾಯಿತು. ಐವತ್ಮೂರು ವರ್ಷದ ಆಳ್ವಿಕೆ ಅದು. ಸ್ಕ್ರೂಡ್ರೈವರ್ ಜಾರಿ ಅವರ ಮಗ ರಘೂತ್ತಮರಾಯರ ಹೆಬ್ಬೆರಳಿಗೆ ತುಸು ತರಚಿದ್ದನ್ನು ಬಿಟ್ಟರೆ ರಕ್ತಪಾತವೇನೂ ಆಗಲಿಲ್ಲ.

ಬಲ್ಬು ಸಣ್ಣದು, ಅದರ ಕಾನೂನು ದೊಡ್ಡದು. ವಾಡೆಯಲ್ಲಿ ಮಾಲಕರ ಮನೆಯೂ ಸೇರಿ ನಾಲ್ಕು ಬಿಡಾರಗಳಿವೆ. ಅಂಗಳದ ದೀಪ ಹತ್ತುವ ತನಕ ಯಾರ ಮನೆಯಲ್ಲೂ ದೀಪ ಹಚ್ಚುವಂತಿಲ್ಲ. ಹತ್ತಿದ ಮೇಲೆ ಯಾರೂ ಕಸ ಹೊಡೆಯುವಂತಿಲ್ಲ, ತಲೆ ಬಾಚುವಂತಿಲ್ಲ, ಉಪ್ಪು ಮೊಸರು ಸೂಜಿ ಈ ಮೂರನ್ನು ಹೊಸ್ತಿಲ ಆಚೆ ಕೊಡುವಂತಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಕೃಷ್ಣಾಬಾಯಿಯವರ ಅತ್ತೆ ಅವರಿಗೆ ಹೇಳಿದ್ದರು, ಅವರು ಎಲ್ಲರಿಗೂ ಹೇಳಿದ್ದರು. ಹುನ್ನೂರಿನಿಂದ ಬಂದು ಹದಿನೆಂಟು ವರ್ಷದಿಂದ ಬಾಡಿಗೆಗಿರುವ ಅಂಗನವಾಡಿ ಟೀಚರ್ ತಾಯವ್ವ ಕೂಡ, ಹೆಪ್ಪಿಗೆ ಮೊಸರು ಬೇಕಾದರೆ ನಾಲ್ಕೂವರೆಗೇ ವಾಟಗಾ ಹಿಡಿದು ಬರುತ್ತಿದ್ದಳು.

ಎಪ್ಪತ್ತಾರು ವರ್ಷದ ಕೃಷ್ಣಾಬಾಯಿಯವರಿಗೆ ಆ ಮನೆಯಲ್ಲಿ ಉಳಿದಿದ್ದ ಖಾತೆ ಇದೊಂದೇ. ಅಡಿಗೆಮನೆ ಹತ್ತು ವರ್ಷದ ಹಿಂದೆ ಸೊಸೆ ಪ್ರತಿಮಾಳ ಕೈಗೆ ಹೋಗಿತ್ತು. ಹಬ್ಬದ ಹೂರಣ ಮೊನ್ನೆ ಮೊನ್ನೆ ಹೋಯಿತು. ಉಪ್ಪಿನಕಾಯಿಯ ಭರಣಿ ಎತ್ತಲಾಗದೆ ಅದೂ ಹೋಯಿತು. ಸಂಜೆ ಯಾವಾಗ ಆಯಿತು ಎಂದು ಹೇಳುವುದು ಮಾತ್ರ ಅವರದೇ. ಅವರು ಹೇಳಿದ ಹೊತ್ತಿಗೆ ನಾಲ್ಕು ಮನೆಗಳಲ್ಲಿ ಸಂಜೆಯಾಗುತ್ತಿತ್ತು, ಮತ್ತು ಅದು ಯಾವತ್ತೂ ಸರಿಯಾದ ಹೊತ್ತೇ ಆಗಿರುತ್ತಿತ್ತು. ಇದು ಕೈಬಿಟ್ಟರೆ ತಾವು ಗೋಡೆಗೆ ಆನಿಸಿ ಇಟ್ಟ ಚಾಪೆಯ ಸಾಲಿಗೆ ಸೇರುತ್ತೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷ ಕಣ್ಣಿನ ಚಾಳೀಸು ಬದಲಿಸಲು ಹೋದಾಗ ಅಂಗಡಿಯವನು ಎರಡೂ ಕಣ್ಣಿನಲ್ಲಿ ಮೋತಿಬಿಂದು ಶುರುವಾಗಿದೆ, ಪೊರೆ ಬರುತ್ತಿದೆ, ಡಾಕ್ಟರಿಗೆ ತೋರಿಸಿರಿ ಅಂದಿದ್ದ. ಅವನು ಚಾಳೀಸು ಮಾರುವವನು, ಹಂಗ ಅನ್ನದ ಮತ್ತೇನು ಅಂದಾನು ಎಂದು ಇವರು ಎದ್ದು ಬಂದಿದ್ದರು. ಬಹಳ ಹಿಂದೆ ಸಾಲಿಯ ಕೋಣೆಯಲ್ಲಿ ನಡೆದ ಯಾವುದೋ ಕಣ್ಣಿನ ಆಪರೇಶನ್ ಕ್ಯಾಂಪಿನಲ್ಲಿ ಅವರ ನಾದಿನಿ ಒಂದು ಕಣ್ಣು ಕಳಕೊಂಡಿದ್ದಳು. ಹಾಗಾಗಿ ಆ ಮನೆಯಲ್ಲಿ ಕಣ್ಣಿನ ಮಾತು ಎರಡನೇ ಸಲ ಬರಲಿಲ್ಲ.

ಸತ್ತಾಂತರಕ್ಕೆ ಕಾರಣವಾದದ್ದು ಪಾಚಿ. ದೀಪದ ಸ್ವಿಚ್ಚು ಅಂಗಳದ ಆಚೆ, ದೊಡ್ಡ ಬಾಗಿಲಿನ ಪಕ್ಕದ ಕಂಬದಲ್ಲಿತ್ತು. ಶ್ರಾವಣದ ಒಂದು ಸಂಜೆ ಕೃಷ್ಣಾಬಾಯಿ ಹಾಸುಗಲ್ಲಿನ ಮೇಲೆ ಜಾರಿ ಬಿದ್ದು ಮೊಣಕಾಲು ಬಾತುಕೊಂಡಿತು. ರಘೂತ್ತಮರಾಯರು ಅಂಗಳ ದಾಟಕೂಡದು ಎಂದು ಹುಕುಂ ಮಾಡಿದರು. ಮರುದಿನ ಅವರು ಗೋಡೆ ಹಿಡಿದುಕೊಂಡು ಅಂಗಳವನ್ನು ಸುತ್ತು ಹಾಕಿ ಸ್ವಿಚ್ಚು ಮುಟ್ಟಿದರು. ದಾಟಬೇಡ ಎಂದಿದ್ದಷ್ಟೇ ತಾನೆ. ಆಮೇಲೆ ರಾಯರು ಗಡಿಯಾರದ ಸ್ವಿಚ್ಚು ಹಾಕಿಸುವ ಮಾತೆತ್ತಿದರು.

“ಗಡಿಯಾರಕ್ಕ ಕತ್ತಲಿ ಏನ್ ತಿಳೀತದೋ?” ಅಂದರು ಕೃಷ್ಣಾಬಾಯಿ. “ಮಾಡ ಮುಚ್ಚಿದ ದಿವಸ ಅದು ತಲಿ ಎತ್ತಿ ಆಕಾಶ ನೋಡ್ತದೇನು?”

ಈ ಪ್ರಶ್ನೆಗೆ ಉತ್ತರ ಇದ್ದದ್ದು ರಾಯರ ಒಬ್ಬಳೇ ಮಗಳು ಹರ್ಷದಾಳ ಹತ್ತಿರ. ಇಪ್ಪತ್ತೈದು ವರ್ಷದ ಹರ್ಷದಾ ರಬಕವಿಯ ಆಚೆ ಒಂದು ಪಾಲಿಟೆಕ್ನಿಕ್ಕಿನಲ್ಲಿ ಇಲೆಕ್ಟ್ರಾನಿಕ್ಸ್ ಲ್ಯಾಬು ನೋಡಿಕೊಳ್ಳುತ್ತಾಳೆ. ಆಕಾಶ ನೋಡುವ ಮಷೀನು ಮಾಡಿಕೊಡುತ್ತೇನೆ, ಅದು ನೀನು ಹೇಳಿದ ಹೊತ್ತಿಗೇ ದೀಪ ಹಚ್ಚುತ್ತದೆ, ಗಡಿಯಾರದ ಹೊತ್ತಿಗಲ್ಲ ಎಂದು ಆಕೆ ಆಜಿಗೆ ಮಾತು ಕೊಟ್ಟಳು. ಅವರು ಯೋಚಿಸಲು ಮೂರು ದಿನ ತೆಗೆದುಕೊಂಡರು. ಹೊತ್ತು ತಮ್ಮದೇ ಇರುವುದಾದರೆ ಕೈ ಯಾರದಾದರೇನು ಎಂಬ ನಿರ್ಧಾರಕ್ಕೆ ಬಂದು ಒಪ್ಪಿದರು.

ಬೆಳಕಿನ ಸೆನ್ಸರನ್ನು ಮಷೀನಿನ ಮಿದುಳಾದ ಬೋರ್ಡಿಗೆ ಜೋಡಿಸುವುದು ಹರ್ಷದಾಳಿಗೆ ಹೊಸದಲ್ಲ. ವರ್ಷಾ ವರ್ಷಾ ಆಕೆ ಹುಡುಗರಿಗೆ ಕಲಿಸುವ ಮೊದಲನೆಯ ಪ್ರಯೋಗವೇ ಅದು. ಸೆನ್ಸರ್ ಅಂದರೆ ಬೆಳಕು ಬಿದ್ದಾಗ ಕರೆಂಟಿಗೆ ದಾರಿ ಸಡಿಲಿಸಿ, ಕತ್ತಲಾದಂತೆ ಬಿಗಿ ಮಾಡುವ ಒಂದು ಬಿಲ್ಲೆ. ಅದರ ಒಂದು ಕಾಲನ್ನು ಐದು ವೋಲ್ಟಿಗೆ ಕೊಡಬೇಕು, ಇನ್ನೊಂದನ್ನು ಬೋರ್ಡಿನ ಅನಲಾಗ್ ಇನ್‌ಪುಟ್ಟಿಗೆ. ಹದಿನಾರು ಹುಡುಗರಲ್ಲಿ ಹದಿನಾಲ್ಕು ಮಂದಿ ಇಷ್ಟಕ್ಕೇ ಕೈ ತೊಳೆದುಕೊಂಡು, ಬೋರ್ಡ್ ಕೆಟ್ಟೈತ್ರಿ ಮ್ಯಾಡಮ್ ಎಂದು ಬರುತ್ತಾರೆ. ಇನ್‌ಪುಟ್ಟಿಗೆ ಹೋದ ಆ ಕಾಲಿನಿಂದಲೇ ಒಂದು ರೆಸಿಸ್ಟರನ್ನು ಗ್ರೌಂಡಿಗೆ ಕಟ್ಟಬೇಕು. ಬದಲಾಗುವುದು ಒಂದು, ಬದಲಾಗದೆ ನಿಂತದ್ದು ಒಂದು. ಅವೆರಡರ ನಡುವೆ ಎಷ್ಟು ವೋಲ್ಟೇಜಿದೆ ಎಂದು ಬೋರ್ಡು ಓದಿ ಸೊನ್ನೆಯಿಂದ ಸಾವಿರದ ಇಪ್ಪತ್ಮೂರರ ಒಳಗೆ ಒಂದು ಅಂಕಿ ಹೇಳುತ್ತದೆ; ಬೆಳಕು ಹೆಚ್ಚಿದ್ದಷ್ಟು ಅಂಕಿ ದೊಡ್ಡದು. ನಿಂತದ್ದು ಇಲ್ಲದಿದ್ದರೆ ಹಗಲೂ ಒಂದೇ ರಾತ್ರಿಯೂ ಒಂದೇ, ಅಂಕಿ ಮಾಳಿಗೆ ಹತ್ತಿ ಕೂತುಬಿಡುತ್ತದೆ.

ಕಾಲೇಜಿನ ಸೆನ್ಸರುಗಳೆಲ್ಲ ಕಪಾಟಿನಲ್ಲಿದ್ದವು, ಕಪಾಟಿನ ಕೀಲಿ ರಜೆಯ ಮೇಲಿತ್ತು. ಹರ್ಷದಾ ಬನಹಟ್ಟಿಯಲ್ಲಿ ಇಳಿದು, ಮಗ್ಗದ ಮೋಟರು ರಿಪೇರಿ ಮಾಡುವ ದುರಗೇಶನ ಅಂಗಡಿಗೆ ಹೋದಳು. ಆತ ತಂಬಾಕಿನ ಡಬ್ಬಿ ಬೋರಲು ಹಾಕಿ ಎರಡು ಸೆನ್ಸರು, ಸ್ವಿಚ್ಚಿನ ಕೆಲಸ ಮಾಡುವ ಒಂದು ರಿಲೇ ಆರಿಸಿ ಕೊಟ್ಟ. ಯಾವ ಅಂಕಿಗೆ ಕತ್ತಲು ಅಂತ ಇಡುತ್ತೀರಿ ಎಂದೂ ಕೇಳಿದ. ಅವನ ಪ್ರಕಾರ ಅದಕ್ಕೆ ಲೆಕ್ಕ ಸರಳ: ಕರಿ ನೂಲು ಯಾವುದು, ನೀಲಿ ನೂಲು ಯಾವುದು ಗುರುತು ಹತ್ತಲಿಲ್ಲ ಅಂದರೆ ಬನಹಟ್ಟಿಯಲ್ಲಿ ಕತ್ತಲಾಯಿತು, ಆಮೇಲೆ ಯಾವ ಸೀರೆ ವ್ಯಾಪಾರಿಯೂ ಬಣ್ಣ ನೋಡುವುದಿಲ್ಲ. ರಘೂತ್ತಮರಾಯರು ನೀರಾವರಿ ಇಲಾಖೆಯಲ್ಲಿ ನದಿಯ ಮಟ್ಟ ಓದುವವರು. ಅವರಿಗೆ ದಂಡೆಯ ಮೇಲೆ ನಿಂತಾಗ ನೀರಿನಲ್ಲಿ ನೆಟ್ಟ ಅಳತೆಪಟ್ಟಿಯ ಮೇಲಿನ ಸೆಂಟಿಮೀಟರಿನ ಗೆರೆ ಕಾಣದಿದ್ದರೆ ಕತ್ತಲು. ತಾಯವ್ವಳಿಗೆ ಕೋಳಿ ಬುಟ್ಟಿ ಸೇರಿದರೆ ಕತ್ತಲು. ಕೃಷ್ಣಾಬಾಯಿ ಎಲ್ಲ ಕೇಳಿಸಿಕೊಂಡು, ಕೋಳಿಯದಾದರೂ ಒಂದು ಮಾತು, ಉಳಿದವರದು ಏನೂ ಅಲ್ಲ ಅಂದರು.

ಅವರ ಕತ್ತಲಿಗೆ ಅಂಕಿ ಕಂಡುಹಿಡಿಯಲು ಏಳು ಸಂಜೆ ಬೇಕಾಯಿತು. ಅವರು ತುಳಸಿಕಟ್ಟೆಯ ಪಕ್ಕ ಕೂತು ಬೇವಿನ ಗಿಡದ ಮೇಲಿನ ಆಕಾಶ ನೋಡುತ್ತಿದ್ದರು. ಹರ್ಷದಾ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಅವರ ಮುಖ ನೋಡುತ್ತಿದ್ದಳು. ಅವರು ಹೂಂ ಅಂದ ಕ್ಷಣದ ಅಂಕಿಯನ್ನು ಬರೆದುಕೊಳ್ಳುವಳು. ಮೊದಲ ದಿನವೇ ಒಂದು ಆಕ್ಷೇಪಣೆ ಬಂತು.

“ಸಾವಿರದ ಇಪ್ಪತ್ಮೂರು ಯಾಕ? ಸಾವಿರಕ್ಕ ನಿಂದರಲಿಕ್ಕೆ ಅದಕ್ಕೇನು ಧಾಡಿ?”

ಬೋರ್ಡು ಇರುವುದೇ ಹಾಗೆ, ಯಾರೋ ಎಲ್ಲೋ ಮಾಡಿದ್ದು ಎಂದು ಹರ್ಷದಾ ಹೇಳಿದಳು. ಹಾಗಾದರೆ ಇಪ್ಪತ್ಮೂರು ಕೊಸರು ಎಂದು ಕೃಷ್ಣಾಬಾಯಿ ಇತ್ಯರ್ಥ ಮಾಡಿದರು. ಕಾಯಿಪಲ್ಲೆಯವಳು ತೂಕದ ಮೇಲೆ ಎರಡು ಮೆಣಸಿನಕಾಯಿ ಹಾಕುವುದಿಲ್ಲವೇ.

ಏಳು ದಿನದ ಅಂಕಿಗಳು ನಾನೂರಾ ಎರಡರಿಂದ ನಾನೂರಾ ಹದಿನೆಂಟರ ಒಳಗೇ ಇದ್ದವು. ಆರನೆಯ ದಿನ ಮೋಡ ಕವಿದು ಗಡಿಯಾರದಂತೆ ಹನ್ನೆರಡು ನಿಮಿಷ ಮೊದಲೇ ಹೂಂ ಬಂತು. ಅವತ್ತು ಅಂಕಿ ನಾನೂರಾ ಒಂಬತ್ತು. ಹರ್ಷದಾ ಬೆರಗಾಗಿ, ಆಜೀ, ನೀ ಮಷೀನಿನ ಗತೆ ಇದ್ದೀ ಅಂದಳು. ಅದನ್ನು ಹೊಗಳಿಕೆ ಎಂದು ಒಪ್ಪಿಸಲು ಅವಳಿಗೆ ಊಟದ ತನಕ ಹಿಡಿಯಿತು. ಮಷೀನಿನಲ್ಲಿ ನಾನೂರಾ ಹತ್ತು ಎಂದು ಬರೆದದ್ದಾಯಿತು.

ಹೀಗೆ ಆ ಗುರುವಾರ ಆರು ಗಂಟೆ ಒಂಬತ್ತು ನಿಮಿಷಕ್ಕೆ ನಾಲ್ಕೂ ಬಿಡಾರದವರು ಅಂಗಳದಲ್ಲಿ ನೆರೆದಿರುವಾಗ ದೀಪ ತಾನೇ ಹತ್ತಿತು. ಕೃಷ್ಣಾಬಾಯಿ ಕೈ ಮುಗಿದರು, ಹತ್ತಿದ ದೀಪಕ್ಕೆ ಎಲ್ಲರೂ ಮುಗಿಯುವಂತೆ. ಒಂದು ಸೆಕೆಂಡಿಗೆ ದೀಪ ಆರಿತು. ಮತ್ತೆ ಹತ್ತಿತು. ಅವರು ಮತ್ತೆ ಮುಗಿದರು. ಹರ್ಷದಾ ಸೆನ್ಸರನ್ನು ಬಲ್ಬಿನ ಕೆಳಗಿನ ಕಂಬಕ್ಕೇ ಹೊಡೆದಿದ್ದಳು. ಬಲ್ಬು ಹತ್ತಿದ ಕೂಡಲೆ ಅದಕ್ಕೆ ಬೆಳಗಾಯಿತು ಅನ್ನಿಸುತ್ತಿತ್ತು, ಆರಿದ ಕೂಡಲೆ ಸಂಜೆ. ಹುಡುಗರಿಗೆ ಬೈಯುವ ತಪ್ಪನ್ನೇ ತಾನು ಮಾಡಿದ್ದು ಹೊಳೆದು ಆಕೆ ವಾಯರು ಕೀಳಲು ಓಡಿದಳು. ಅಷ್ಟರಲ್ಲಿ ಕೃಷ್ಣಾಬಾಯಿ ಇಪ್ಪತ್ತೊಂದು ಸಲ ಕೈ ಮುಗಿದಿದ್ದರು. ಅವರು ಮುಗಿದರೆಂದು ತಾಯವ್ವ, ತಾಯವ್ವ ಮುಗಿದಳೆಂದು ಉಳಿದವರು. ಇಪ್ಪತ್ತೊಂದು ಎಂಬ ಲೆಕ್ಕ ರಾಯರದು. ನೀರಾಗಲಿ ನಮಸ್ಕಾರವಾಗಲಿ, ಏರಿಳಿಯುವುದನ್ನು ಎಣಿಸುವುದು ಅವರ ನೌಕರಿಯ ಚಟ. ಮರುದಿನ ಸೆನ್ಸರು ಬಲ್ಬಿಗೆ ಬೆನ್ನು ಹಾಕಿ ತುಳಸಿಕಟ್ಟೆಯ ಮೂಲೆಗೆ ಬಂತು. ಆಕಾಶ ಬಿಟ್ಟು ಬೇರೇನನ್ನೂ ನೋಡದಂತೆ ಮುಖ ಮೇಲೆ ಮಾಡಿ ಕೂತಿತು.

ಮೂರು ತಿಂಗಳು ಎಲ್ಲ ಸುಖವಾಗಿ ನಡೆಯಿತು. ದೀಪ ಹತ್ತುವ ಹೊತ್ತಿಗೆ ಕೃಷ್ಣಾಬಾಯಿ ಕಟ್ಟೆಯ ಪಕ್ಕ ಕೂತು ಹೂಂ ಅನ್ನುವರು, ದೀಪ ಹತ್ತುವುದು. ಕೆಲವೊಮ್ಮೆ ದೀಪ ಮೊದಲು ಹತ್ತಿ ಹೂಂ ಹಿಂದಿನಿಂದ ಬರುತ್ತಿತ್ತು, ಆದರೆ ಅಷ್ಟನ್ನು ಯಾರೂ ಎತ್ತಿ ಆಡಲಿಲ್ಲ.

ಶಿವರಾತ್ರಿಯ ಸುಮಾರಿಗೆ ತಕರಾರು ಶುರುವಾಯಿತು. ಮಷೀನು ಆಲಸಿಯಾಗಿದೆ, ಕತ್ತಲಾಗಿ ಎಷ್ಟೋ ಹೊತ್ತಾದರೂ ಎಚ್ಚರಾಗುವುದಿಲ್ಲ ಎಂದು ಕೃಷ್ಣಾಬಾಯಿ ಬಂದವರಿಗೆಲ್ಲ ಹೇಳತೊಡಗಿದರು. ಹರ್ಷದಾ ನೋಡಿದಳು, ನಾನೂರಾ ಹತ್ತಕ್ಕೆ ಸರಿಯಾಗಿ ಹತ್ತುತ್ತಿತ್ತು. ಈಗ ಹಗಲು ದೊಡ್ಡದಾಗುತ್ತದೆ ಆಜಿ ಎಂದು ತಿಳಿಸಿ ಹೇಳಲು ಹೋದಳು. ಎಪ್ಪತ್ತಾರು ಬೇಸಿಗೆ ಕಂಡವರಿಗೆ ಇಪ್ಪತ್ತೈದು ಕಂಡವಳು ಹಗಲು ದೊಡ್ಡದಾಗುವ ಸುದ್ದಿ ಹೇಳಿದರೆ ಸಿಗಬೇಕಾದ ಉತ್ತರ ಸಿಕ್ಕಿತು. ಆಕೆ ಸಂಶಯಕ್ಕಿರಲಿ ಎಂದು ಹಳೆ ಸೆನ್ಸರು ಬಿಚ್ಚಿ ದುರಗೇಶ ಕೊಟ್ಟ ಎರಡನೆಯದನ್ನು ಕಟ್ಟಿದಳು. ಅದೂ ಅದೇ ಅಂಕಿ, ಅದೇ ಹೊತ್ತು.

ಹೋಳಿ ಹುಣ್ಣಿಮೆಯಾದ ಮೇಲೆ ತಕರಾರು ಒಮ್ಮೆಲೇ ನಿಂತಿತು. ಕೃಷ್ಣಾಬಾಯಿ ಸಮಾಧಾನದಿಂದಿದ್ದರು. ಮಷೀನು ಸುಧಾರಿಸಿದೆ ಎಂದು ಸ್ವತಃ ಹೇಳಿದರು. ಹರ್ಷದಾ ಇಳಿಯುವ ಬಸ್ಸು ಮುಟ್ಟುವುದು ಏಳರ ಸುಮಾರಿಗೆ, ರಾಯರು ಸಂಜೆಯ ಮಟ್ಟ ಓದಿ ಬರುವುದು ಏಳೂವರೆಗೆ. ಇಬ್ಬರೂ ಬರುವಷ್ಟರಲ್ಲಿ ದೀಪ ಹತ್ತಿರುತ್ತಿತ್ತು. ಯಾವಾಗ ಹತ್ತಿತೆಂದು ಕೇಳುವ ಕಾರಣವಿರಲಿಲ್ಲ.

ಯುಗಾದಿ ಮುಗಿದ ಒಂದು ರವಿವಾರ ಹರ್ಷದಾ ಅಪರೂಪಕ್ಕೆ ಸಂಜೆ ಮನೆಯಲ್ಲಿದ್ದಳು. ಆರು ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಪೂರ್ವದ ಗೋಡೆಯ ಮೇಲರ್ಧ ಬಿಸಿಲು ಸುಣ್ಣ ಬಳಿದಂತೆ ಬಿದ್ದಿತ್ತು. ಆ ಬಿಸಿಲಿನ ಎದುರಿಗೇ ಅಂಗಳದ ಬಲ್ಬು ಹತ್ತಿತು. ತಾಯವ್ವ ಕಸಬರಿಗೆ ಮೂಲೆಗಿಟ್ಟಳು. ಇನ್ನೊಂದು ಬಿಡಾರದಲ್ಲಿ ಯಾರೋ ಟ್ಯೂಬಲೈಟು ಹಾಕಿದರು. ಪ್ರತಿಮಾ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದು, ಮಗಳ ಮುಖ ಕಂಡು, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಹಾಲು ಇರಲಿಲ್ಲ.

ಹರ್ಷದಾ ಕಟ್ಟೆಯ ಹತ್ತಿರ ಹೋಗಿ ನೋಡಿದರೆ ಸೆನ್ಸರಿನ ಮುಖ ತುಂಬ ಕುಂಕುಮ. ಒಂದಲ್ಲ, ಪದರ ಪದರವಾಗಿ, ಎಣ್ಣೆಗೈಯಲ್ಲಿ ಒತ್ತಿದ್ದು. ಆಕೆಗೆ ನಗು ಬಂತು. ಪಕ್ಕದಲ್ಲಿ ತುಳಸಿ, ಎದುರಿಗೆ ದಿನಾ ಪೂಜೆ. ಹೊಸ ಯಂತ್ರಕ್ಕೂ ಪ್ರಸಾದ ಸಂದಿದೆ ಎಂದುಕೊಂಡಳು. ಕುಂಕುಮ ಹಚ್ಚಿದರೆ ಅದಕ್ಕೆ ಕಣ್ಣು ಕಾಣುವುದಿಲ್ಲ ಆಜಿ ಎಂದು ಹೇಳಿ ಅರಿವೆಯಿಂದ ಒರೆಸಿದಳು. ಕೃಷ್ಣಾಬಾಯಿ ಹೌದೇ ಅಂದರು. ಮರುದಿನ ಮತ್ತೆ ಕುಂಕುಮ. ಹರ್ಷದಾ ಹೋಮಿಯೋಪತಿ ಗುಳಿಗೆಯ ಗಾಜಿನ ಬಾಟಲಿಯನ್ನು ಅದರ ಮೇಲೆ ಬೋರಲು ಹಾಕಿದಳು. ಮೂರನೆಯ ದಿನ ಬಾಟಲಿಗೆ ಕುಂಕುಮ.

ದೇವರ ಮೇಲಿನ ಭಕ್ತಿಗೂ ಅದರದೇ ವೇಳೆ ಇರುತ್ತದೆ. ಈ ಭಕ್ತಿಯ ವೇಳೆ ಯಾವುದು ಎಂದು ನೋಡಲು ಹರ್ಷದಾ ಬೋರ್ಡಿಗೆ ಒಂದು ಉದ್ದನೆಯ ಕೇಬಲ್ಲು ಹಾಕಿ, ಕಿಟಕಿಯಿಂದ ಒಳಗೆ ತಂದು, ನಿಮಿಷಕ್ಕೊಂದು ಅಂಕಿ ಲ್ಯಾಪ್‌ಟಾಪಿನಲ್ಲಿ ಸೇರುವಂತೆ ಮಾಡಿದಳು. ಬೆಳಿಗ್ಗೆ ಎಂಟರ ಪೂಜೆಯ ಹೊತ್ತಿಗೆ ಅಂಕಿಗೆ ಏನೂ ಆಗಿರಲಿಲ್ಲ. ಮಧ್ಯಾಹ್ನವಿಡೀ ಒಂಬೈನೂರರ ಮೇಲೆ ಆರಾಮಾಗಿ ಕೂತಿತ್ತು. ಐದು ಗಂಟೆ ನಲವತ್ತೆರಡು ನಿಮಿಷಕ್ಕೆ ಧಡಕ್ಕನೆ ಏಳುನೂರಕ್ಕೆ ಇಳಿದಿತ್ತು. ಮೂರು ನಿಮಿಷ ಬಿಟ್ಟು ಐನೂರಾ ಐವತ್ತಕ್ಕೆ. ಇನ್ನೆರಡು ನಿಮಿಷಕ್ಕೆ ಮುನ್ನೂರಾ ತೊಂಬತ್ತಾರಕ್ಕೆ. ಅಲ್ಲಿಗೆ ದೀಪ ಹತ್ತಿತ್ತು, ಕುಂಕುಮವೂ ನಿಂತಿತ್ತು. ಚಹಾಕ್ಕೆ ಸಕ್ಕರೆ ಹಾಕಿ ರುಚಿ ನೋಡಿ ಮತ್ತೆ ಹಾಕುವವರ ಕೈ ಅದು. ಪೂಜೆಯಲ್ಲ.

ಆಕೆ ಆ ಅಂಕಿಗಳನ್ನು ತಂದೆಗೆ ತೋರಿಸಿದಳು. ರಘೂತ್ತಮರಾಯರು ಚಾಳೀಸು ಏರಿಸಿ ಎರಡು ಸಲ ಓದಿದರು. ಯಂತ್ರ ಸರಿ ಇದೆಯೇ ಎಂದು ಕೇಳಿದರು. ಎರಡು ಸೆನ್ಸರಿನಲ್ಲೂ ನೋಡಿದ್ದೇನೆ, ಸರಿ ಇದೆ ಎಂದಳು. ಮಾತು ಬೇಕಾದಾಗ ರಾಯರು ಅದನ್ನು ನದಿಯಿಂದಲೇ ತರುತ್ತಾರೆ.

“ಎರಡು ಪಟ್ಟಿ ಬ್ಯಾರೆ ಬ್ಯಾರೆ ಮಟ್ಟಾ ತೋರಿಸಿದ್ರ ನೀರಿಂದೇನೂ ತಪ್ಪಿರೂದಿಲ್ಲ, ಹರ್ಷಾ,” ಅಂದರು. “ಯಾವುದೋ ಒಂದು ಪಟ್ಟಿ ಕೆಳಗ ಕುಸದಿರ್ತದ. ಅದು ತಾನ ಕುಸದದ್ದು ಅದಕ್ಕ ಗೊತ್ತಾಗೂದಿಲ್ಲ.”

ಇದರಲ್ಲಿ ಕೊನೆಯ ಮಾತು ಮಾತ್ರ ಸರಿಯಿರಲಿಲ್ಲ ಎಂಬುದು ಮರುದಿನ ತಿಳಿಯಿತು.

ಮರುದಿನ ಹರ್ಷದಾ ಅರ್ಧ ರಜೆ ಹಾಕಿ ಬಂದಳು. ಐದೂಕಾಲಿಗೆ ಆಜಿಯ ಪಕ್ಕ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಳು. ಕೃಷ್ಣಾಬಾಯಿ ಬೇವಿನ ಗಿಡದ ಕಡೆ ನೋಡಿದರು, ಬಳಿಕ ಮೊಮ್ಮಗಳ ಕಡೆ, ಬಳಿಕ ಮಡಿಲಿನಲ್ಲಿದ್ದ ಕುಂಕುಮದ ಕರಡಿಗೆಯ ಕಡೆ. ಐದು ನಲವತ್ತರ ಸುಮಾರಿಗೆ ಬೆರಳು ಎಣ್ಣೆಗೆ ಅದ್ದಿ, ಕುಂಕುಮ ತೆಗೆದು, ಬಾಟಲಿಯನ್ನು ಕೈಯಿಂದಲೇ ತಡವಿ ಹುಡುಕಿ, ಹಚ್ಚಿದರು. ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ. ಮೂರನೆಯ ಚಿಟಿಕೆಗೆ ದೀಪ ಹತ್ತಿತು.

“ನೀ ಓದಿದಾಕಿ, ನಿನಗ ತಿಳದಿರ್ತದ,” ಅಂದರು. “ಇಷ್ಟು ಹಚ್ಚಿದ್ರ ಅದಕ್ಕೂ ನನಗ ಕಂಡಷ್ಟ ಕಾಣ್ತದ. ಆಮ್ಯಾಲೆ ಜಗಳಿಲ್ಲ.”

ಹರ್ಷದಾ ಓಢಣಿಯ ಚುಂಗಿನಿಂದ ಬಾಟಲಿ ಒರೆಸಿದಳು. ದೀಪ ಆರಿತು. ಎಷ್ಟು ಬಂತು ಎಂದು ಕೃಷ್ಣಾಬಾಯಿ ಕೇಳಿದರು; ಲ್ಯಾಪ್‌ಟಾಪು ಅವರಿಂದ ಒಂದು ಗೇಣಿತ್ತು. ಎಂಟುನೂರಾ ಎಂಬತ್ನಾಲ್ಕು ಎಂದಳು.

“ಅಂದ್ರ ಇನ್ನೂ ಬಿಸಲದ.”

“ಗ್ವಾಡಿ ಮ್ಯಾಲೆ ಅದ, ಆಜಿ.”

ಅವರು ಗೋಡೆಯನ್ನು ಬಹಳ ಹೊತ್ತು ನೋಡಿದರು. ಯಾವ ಗೋಡೆ ಎಂದು ಕೇಳಲಿಲ್ಲ, ತಮ್ಮ ಗೋಡೆ ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ತಾಯವ್ವ ಅಂಗಳ ದಾಟುತ್ತಿದ್ದಳು. ದೀಪ ಹತ್ತಿ ಆರಿದ್ದು ಕಂಡು ಈಗ ಸಂಜೆ ಅನ್ನಬೇಕೋ ಬೇಡವೋ ತಿಳಿಯದೆ ಅರ್ಧದಲ್ಲಿ ನಿಂತಿದ್ದಳು. ಕೃಷ್ಣಾಬಾಯಿ ಅವಳನ್ನು ಕರೆದು ಗೋಡೆಯ ಮೇಲೆ ಬಿಸಿಲು ಇದೆಯೇ ಎಂದು ಕೇಳಿದರು. ತಾಯವ್ವ ಹರ್ಷದಾಳ ಮುಖ ನೋಡಿದಳು.

“ಆಕಿ ಮಾರಿ ಮ್ಯಾಲೆ ಅಲ್ಲ, ಗ್ವಾಡಿ ಮ್ಯಾಲೆ ಕೇಳಿದ್ದು.”

“ಐತ್ರಿ ಬಾಯಾರ,” ಅಂದಳು ತಾಯವ್ವ. “ಹೋಳಿ ಹುಣ್ಣಿವಿಯಿಂದ ದಿನಾ ಹಿಂಗ ಇರತೈತ್ರಿ.”

“ಮತ್ತ ಇಷ್ಟ ಲಗೂ ಕಸಾ ಹೊಡದ್ಯಲ್ಲಾ, ಯಾಕ?”

“ನೀವು ದೀಪಾ ಹಚ್ಚಿದ್ರಿ ಅಂದ್ರ ನಮಗ ಸಂಜಿ ಆತಲ್ರೀ. ಸೂರ್ಯಾಂದೇನು, ಅವ ಸಾವಕಾಶ ಮುಳಗತಾನ.”

ತಾಯವ್ವ ಇದನ್ನು ಪೂರ್ಣ ಗೌರವದಿಂದ ಹೇಳಿದಳು, ಮತ್ತು ಅದು ನಿಜವೂ ಆಗಿತ್ತು. ವಾಡೆಯ ನಾಲ್ಕು ಮನೆಯವರೂ ಮೂರು ವಾರದಿಂದ ಹಾಡಹಗಲಲ್ಲಿ ಟ್ಯೂಬಲೈಟು ಹಾಕಿಕೊಂಡು ಕೂತಿದ್ದರು. ಒಬ್ಬರು ಇನ್ನೊಬ್ಬರಿಗೆ ಹೇಳಿಕೊಂಡಿರಲಿಲ್ಲ. ಬಾಯಾರಿಗೆ ನೋವಾಗಬಾರದು ಎಂದು ತಾಯವ್ವ, ಇದ್ದದ್ದೊಂದು ಖಾತೆಗೂ ಸೊಸೆ ಕೈ ಹಾಕಿದಳು ಅನ್ನಿಸಬಾರದು ಎಂದು ಪ್ರತಿಮಾ. ಬೇರೆ ಊರಿನಲ್ಲಾದರೆ ಮೊದಲ ದಿನವೇ ಯಾರಾದರೂ ನಕ್ಕುಬಿಡುತ್ತಿದ್ದರು, ಎರಡನೆಯ ದಿನ ಕಣ್ಣಿನ ಡಾಕ್ಟರು ಬರುತ್ತಿದ್ದರು. ಇಲ್ಲಿ ಮರ್ಯಾದೆ ಅಡ್ಡ ಬಂತು.

ಕಣ್ಣು ಮಂಜಾದದ್ದು ಕೃಷ್ಣಾಬಾಯಿಯವರಿಗೆ ಹೊಸ ಸುದ್ದಿಯಲ್ಲ. ಅದನ್ನು ಅವರು ಬೆರಳಿನ ಮೇಲೆ ಅಳೆದು ಕುಂಕುಮ ಮಾಡಿದ್ದರು. ತಾವು ತಪ್ಪು ಹೊತ್ತು ಹೇಳಿದ್ದು, ಹೇಳಿದ್ದನ್ನು ಎಲ್ಲರೂ ಪಾಪ ಎಂದು ನಡೆಸಿಕೊಟ್ಟದ್ದು, ಇದು ಸುದ್ದಿ. ಮುಳುಗದ ಸೂರ್ಯನ ಎದುರಿಗೆ ಐವತ್ಮೂರು ವರ್ಷದ ಹೆಸರನ್ನು ದೀಪ ಮಾಡಿ ತೂಗಿಬಿಟ್ಟಿದ್ದರು. ಅವರು ಕರಡಿಗೆಯ ಮುಚ್ಚಳ ಹಾಕಿದರು. ಮೂರು ಸಲ ಹಾಕಿದರು, ಅದು ಓರೆಯಾಗಿ ಕೂರುತ್ತಿತ್ತು.

“ಎಲ್ಲಾರೂ ಕೂಡಿ ನನ್ನ ಸಣ್ಣ ಹುಡುಗೀ ಮಾಡಿದ್ರಿ,” ಅಂದರು. ಸಿಟ್ಟಿನಿಂದಲ್ಲ, ಲೆಕ್ಕ ಎಲ್ಲಿ ತಪ್ಪಿದೆ ಎಂದು ಗೊತ್ತಾದವರ ದನಿಯಲ್ಲಿ.

ಅವತ್ತು ದೀಪ ಏಳಕ್ಕೆ ಎರಡು ನಿಮಿಷವಿರುವಾಗ ತಾನೇ ಹತ್ತಿತು. ಅಂಗಳದಲ್ಲಿದ್ದವರು ಯಾರೂ ಅಲ್ಲಿಯ ತನಕ ಒಳಗೆ ಹೋಗಲಿಲ್ಲ. ಕೃಷ್ಣಾಬಾಯಿ ಹತ್ತಿದ ದೀಪಕ್ಕೆ ಕೈ ಮುಗಿದು, ಹೂಂ ಅನ್ನದೆ, ಎದ್ದು ಹೋದರು.

ಮರುದಿನ ಊಟಕ್ಕೆ ಕೂತಾಗ ಅವರು ಡಾಕ್ಟರಿಗೆ ತೋರಿಸಲು ಒಪ್ಪಿಕೊಂಡಿರುವುದಾಗಿ ತಿಳಿಸಿದರು. ಒಪ್ಪಿಗೆಗೆ ಷರತ್ತುಗಳಿದ್ದವು. ಕ್ಯಾಂಪಿಗೆ ಹೋಗುವುದಿಲ್ಲ, ಬಾಗಲಕೋಟೆಯಲ್ಲಿ ದೊಡ್ಡ ದವಾಖಾನೆಗೇ ಕರೆದೊಯ್ಯಬೇಕು. ಒಳಗೆ ಹೋಗುವ ತನಕ ಹರ್ಷದಾ ಕೈ ಹಿಡಿದಿರಬೇಕು, ರಘೂತ್ತಮ ಬೇಡ, ಅವನ ಕೈ ನಡುಗುತ್ತದೆ. ಕಣ್ಣು ಕಟ್ಟಿರುವಷ್ಟು ದಿನ ಮಷೀನು ಬಂದ್ ಇರಬೇಕು, ದೀಪವನ್ನು ಪ್ರತಿಮಾ ಕೈಯಿಂದ ಹಚ್ಚಬೇಕು, ಅವಳಿಗೇ ಹೊತ್ತಾಯಿತು ಅನ್ನಿಸಿದಾಗ. ಈ ಕೊನೆಯ ಷರತ್ತು ಕೇಳಿ ಬಡಿಸುತ್ತಿದ್ದ ಪ್ರತಿಮಾ ಸಾರಿನ ಸೌಟು ಹಿಡಿದೇ ನಿಂತಳು. ಅತ್ತೆ ಅವಳಿಗೆ ಅಡಿಗೆಮನೆಯನ್ನು ಕೊಡುವಾಗಲೂ ಇಷ್ಟು ನಂಬಿ ಕೊಟ್ಟಿರಲಿಲ್ಲ.

“ಗಡಿಯಾರ ನೋಡಬ್ಯಾಡ,” ಎಂದು ಕೃಷ್ಣಾಬಾಯಿ ಅವಳಿಗೆ ಹೇಳಿದರು. “ಆಕಾಶ ನೋಡು. ತಪ್ಪಿದ್ರ ತಪ್ಪಲಿ, ಆದ್ರ ಯಾರರೆ ತಪ್ಪು ಅಂದ್ರ ಕೇಳಿಸ್ಕೊ.”

ಪ್ರತಿಮಾ ಆಕಾಶ ನೋಡಿದಳು. ನಡುನಡುವೆ ಫೋನಿನಲ್ಲಿ ಗಡಿಯಾರವನ್ನೂ ನೋಡಿದಳು ಎಂದು ತಾಯವ್ವ ಹೇಳುತ್ತಾಳೆ. ಒಂದು ದಿನ ತಾಯವ್ವ, ಇನ್ನೂ ಬೆಳಕೈತ್ರಿ ಎಂದು ಧೈರ್ಯ ಮಾಡಿ ಅಂದಳಂತೆ. ಒಳಗೆ ಕಣ್ಣು ಕಟ್ಟಿಕೊಂಡು ಮಲಗಿದ್ದ ಕೃಷ್ಣಾಬಾಯಿ ಅದನ್ನು ಕೇಳಿಸಿಕೊಂಡು ಶಭಾಷ್ ಅಂದರಂತೆ.

ಜೂನಿನಲ್ಲಿ, ಕರಿ ಚಾಳೀಸು ತೆಗೆದ ಮೇಲೆ, ಹರ್ಷದಾ ಮತ್ತು ಅವಳ ಆಜಿ ಮತ್ತೆ ಏಳು ಸಂಜೆ ಕಟ್ಟೆಯ ಪಕ್ಕ ಕೂತರು. ಎರಡು ಸಂಜೆ ಮಳೆಯಾಯಿತು, ಕೊಡೆ ಹಿಡಿದು ಕೂತರು. ಈ ಸಲದ ಅಂಕಿ ಮುನ್ನೂರಾ ಮೂವತ್ತರ ಆಸುಪಾಸು ಬಂತು. ಅಂದರೆ ಕಾರ್ತಿಕದ ನಾನೂರಾ ಹತ್ತೂ ಸ್ವಲ್ಪ ಅವಸರದ್ದೇ ಆಗಿತ್ತು. ಇದನ್ನು ಹೇಳಬೇಕೋ ಬೇಡವೋ ಎಂದು ಹರ್ಷದಾ ಒಂದು ದಿನ ಯೋಚಿಸಿ, ಹೇಳಿದಳು. ಕೃಷ್ಣಾಬಾಯಿ ಕೇಳಿಸಿಕೊಂಡು, ಹಳೆಯದನ್ನು ಅಳಿಸಿ ಹೊಸದನ್ನು ಬರೆ ಅಂದರು.

ಬಲಗಣ್ಣಿನ ಆಪರೇಶನ್ ಮೇ ಹದಿನಾಲ್ಕಕ್ಕೆ ಆಯಿತು. ಎಡಗಣ್ಣಿನದು ದೀಪಾವಳಿ ಆದ ಮೇಲೆ; ಆಮೇಲೆ ಮತ್ತೆ ಏಳು ಸಂಜೆ ಕೂರುವುದಿದೆ.